ಗಾಜಮ್ಮ ಕಂಡ ನೀಲಿ

ಗಾಜಮ್ಮನ ಅಜ್ಜ ಕಹಿ ಗುಳಿಗೆಗಳನ್ನು ತಾಮ್ರದ ಬಾಣಲೆಯಲ್ಲಿ ಸಕ್ಕರೆ ಪಾಕ ಸುರಿದು ಉರುಳಿಸಿ, ಹಟಮಾರಿ ಮಕ್ಕಳೂ ಕೇಳಿ ಪಡೆದು ನುಂಗುವಂತೆ ಮಾಡುತ್ತಿದ್ದವನು. ಅಪ್ಪ ಅದೇ ಕೆಲಸವನ್ನು ಔಷಧ ಕಾರ್ಖಾನೆಯಲ್ಲಿ ಮಾಡಿದ. ತಿರುಗುವ ಡ್ರಮ್ಮಿಗೆ ಕಿವಿಯಾನಿಸಿ, ಸದ್ದಿನಲ್ಲೇ ಲೇಪ ಒಣಗಿತೋ ಇಲ್ಲವೋ ಹೇಳುತ್ತಿದ್ದ. ಇಂಥವರ ಮನೆಯ ಹುಡುಗಿ ಪ್ರಯೋಗಾಲಯದಲ್ಲಿ ಪಾತ್ರೆ ತೊಳೆಯಲು ಸೇರಿದಳು. ಮೂವತ್ತೊಂದು ವರ್ಷ ಗಾಜು ತೊಳೆದು ತೊಳೆದು, ಇಟ್ಟ ಹೆಸರು ಹೋಗಿ ಗಾಜಮ್ಮ ಉಳಿಯಿತು.

ಅಲ್ಲಿನ ವಿಜ್ಞಾನಿ, ಅವಳ ಮಗಳ ವಯಸ್ಸಿನ ಹೆಂಗಸು, ಬಾಯಿಗೆ ಹಾಕುವ ಲಸಿಕೆಯೊಂದರ ಬೆನ್ನು ಹತ್ತಿದ್ದಳು. ಲಸಿಕೆಯನ್ನು ಹಾಗೇ ನುಂಗಿದರೆ ಹೊಟ್ಟೆಯ ಆಮ್ಲ ಅದನ್ನು ಕೆಡಿಸುತ್ತದೆ. ಅದಕ್ಕೇ ಪಾಲಿಮರಿನ ಕಣಗಳೊಳಗೆ ಅಡಗಿಸಿ ಕರುಳಿಗೆ ಮುಟ್ಟಿಸಬೇಕು. ಒಂದು ಕೂದಲೆಳೆಯ ಅಗಲದಲ್ಲಿ ಅಂಥ ಕಣಗಳು ನೂರಾರು ಸಾಲಾಗಿ ನಿಲ್ಲುತ್ತವೆ ಎಂದು ಕೇಳಿದ ದಿನ ಗಾಜಮ್ಮ ತನ್ನ ನರೆಗೂದಲೊಂದನ್ನು ಕಿತ್ತು ಬೆಳಕಿಗೆ ಹಿಡಿದು ನಿಂತೇಬಿಟ್ಟಳು. ಕಣಗಳು ಬಿಡಿಬಿಡಿಯಾಗಿದ್ದರೆ ಅವು ತೇಲುವ ನೀರಿಗೆ ತೆಳು ನೀಲಿ ಹೊಳಪು ಬರುತ್ತಿತ್ತು. ಅದನ್ನು ಕಂಡಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಅಜ್ಜನ ಬಾಣಲೆ ಎಲ್ಲಿಂದ ಎಲ್ಲಿಗೆ ಬಂತು!

ಒಂದು ವಾರ, ಕಣ ಮಾಡಹೊರಟ ಮೂರು ಸಲವೂ ನೀರು ಸುಣ್ಣ ಕದಡಿದಂತೆ ಬೆಳ್ಳಗಾಗಿ ತಳಕಟ್ಟಿತು. ಇನ್ನು ಒಂದೇ ಒಂದು ಸಲಕ್ಕಾಗುವಷ್ಟು ಲಸಿಕೆ ಉಳಿದಿತ್ತು. ವಿಜ್ಞಾನಿ ಕಣ ಮಾಡುವ ಯಂತ್ರ ಬಿಚ್ಚಿಸಿದಳು, ಊಟ ಬಿಟ್ಟಳು.

ಕಾರಣ ಗಾಜಮ್ಮನಿಗೆ ಹೊಳೆದಿತ್ತು. ತೊಳೆದ ಪಾತ್ರೆಯನ್ನು ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಾಡಬೇಕು. ಭುಜದ ನೋವಿಗೆ ಆ ನೀರಿನ ಕ್ಯಾನ್ ಎತ್ತಲಾರದೆ ಅವಳು ನಲ್ಲಿ ನೀರಿನಲ್ಲೇ ಮುಗಿಸಿದ್ದಳು. ನಲ್ಲಿ ನೀರಿನ ಉಪ್ಪಿನಂಶ ತಾಗಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಂದು ಕಿವಿಯಾರೆ ಕೇಳಿದವಳು ಅವಳು. ಬಾಯಿಬಿಟ್ಟರೆ ಕೆಲಸಕ್ಕೆ ಸಂಚಕಾರ. ಬಿಡದಿದ್ದರೆ ಕೊನೆಯ ಲಸಿಕೆಯೂ ಮಣ್ಣುಪಾಲು.

“ತಪ್ಪು ಯಂತ್ರದ್ದಲ್ಲ ಮೇಡಂ, ನನ್ನ ಭುಜದ್ದು,” ಎಂದು ಶುರುಮಾಡಿ ಎಲ್ಲ ಹೇಳಿದಳು.

ವಿಜ್ಞಾನಿ ಬಿಚ್ಚಿಟ್ಟಿದ್ದ ಯಂತ್ರದ ಕಡೆ ತಿರುಗಿದಳು. “ಮೂರು ದಿನದಿಂದ ಯಂತ್ರಕ್ಕೆ ಬೈತಿದ್ದೀನಲ್ಲ, ಪಾಪ,” ಎಂದಳು.

ಗಾಜಮ್ಮ ಎಲ್ಲ ಪಾತ್ರೆಗಳನ್ನೂ ಮತ್ತೆ ತೊಳೆದಳು, ಈ ಸಲ ಕ್ರಮ ತಪ್ಪದೆ. ಮಧ್ಯಾಹ್ನ ಹನಿಹನಿಯಾಗಿ ಲಸಿಕೆ ಬೆರೆತ ಪಾಲಿಮರ್ ದ್ರಾವಣ ಬಿದ್ದಂತೆ ನೀರು ಮೆಲ್ಲಗೆ ನೀಲಿಗೆ ತಿರುಗಿತು. ಇಬ್ಬರೂ ಕಿಟಕಿಯ ಬೆಳಕಿನಲ್ಲಿ ಆ ಸೀಸೆ ಹಿಡಿದು ನಿಂತರು.

ಇನ್ನು ಮೇಲೆ ಕ್ಯಾನ್ ತಾನೇ ಎತ್ತಿಕೊಡುತ್ತೇನೆ ಎಂದಳು ವಿಜ್ಞಾನಿ.

“ಬೇಡಿ ಮೇಡಂ. ಒಂದೊಂದೇ ಸೀಸೆ ತುಂಬ್ಕೊಂಡು ಹತ್ತು ಸಲ ಓಡಾಡ್ತೀನಿ. ನಮ್ಮಜ್ಜ ತನ್ನ ಬಾಣಲೆಗೆ ಇನ್ನೊಬ್ಬರ ಕೈ ಹಾಕಿಸಿದವನಲ್ಲ.”