ಅಟ್ಟದ ಕಾಯಿ

ಮನಸ್ಸಿಗೆ ನೆಮ್ಮದಿ ಬೇಕೆಂದು ಕೊಬ್ಬರಿ ವ್ಯಾಪಾರವನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿಯೊಂದಿಗೆ ಕ್ಷೇತ್ರಗಳನ್ನು ಸುತ್ತುತ್ತ ನೊಣವಿನಕೆರೆ ಕಡೆಯ ಒಂದು ಮಠಕ್ಕೆ ಬಂದಿದ್ದೇನೆ. ಇಲ್ಲಿ ಬೆಳಿಗ್ಗೆ ಯೋಗ ಹೇಳಿಕೊಡುತ್ತಾರೆ. ಬರುವವರು ದಪ್ಪನೆಯ ಜಮಖಾನ ತನ್ನಿ, ಕಲ್ಲುಹಾಸು ಬಹಳ ತಣ್ಣಗಿದೆ.

ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗಿದ್ದೆವು. ಮೇಲೆ ಅಟ್ಟದಲ್ಲಿ ಇಲಿ ಓಡಿ, ಕೊಬ್ಬರಿಯಾಗಲೆಂದು ಹಾಕಿದ್ದ ತೆಂಗಿನಕಾಯಿಗಳು ಉರುಳಿದವು. ನೀರು ಇಂಗಿ ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಗಡಗಡ ಎಂದಿತು. ತಡೆಯಲಾಗದೆ ಎದ್ದು ಕೂತೆ.

"ಮೇಷ್ಟ್ರೇ, ಅಟ್ಟದ ಕಾಯಿ ಒಣಗವೆ, ಇಳಿಸ್ಬೋದು. ಅದಿರ್ಲಿ, ಈ ನೆಮ್ಮದಿ ಎಷ್ಟು ದಿನಕ್ಕೆ ಬತ್ತದೆ? ವಾರ ಅನ್ಬ್ಯಾಡಿ. ಇವತ್ತೇ ತಿಪಟೂರು ಬಸ್ಸಿಗೆ ಊರಿಗೆ ಹೋಗ್ಬೇಕು."

ಯೋಗದ ಮೇಷ್ಟ್ರು ನಕ್ಕರು. ಪಕ್ಕದಲ್ಲಿದ್ದ ಹೆಂಡತಿ ಕಣ್ಣು ಬಿಡದೆಯೇ ಅಂದಳು: "ಕಾಯಿ ನೀರು ಇಂಗ್ಲಿ ಅಂತ ವರ್ಷಗಟ್ಲೆ ಅಟ್ಟಕ್ಕಾಕಿ ಕಾಯ್ತೀರ. ನಿಮ್ ತಲೆಗೆ ಒಂದಿನ ಜಾಸ್ತಿ ಕೊಡಾಕಾಗಲ್ವೇನ್ರೀ?"

ಚೌಕಾಸಿ ಬಿಟ್ಟೆ. ಮತ್ತೆ ಮಲಗಿದೆ. ಇಲಿ ಇನ್ನೊಂದು ಕಾಯಿ ಉರುಳಿಸಿತು, ಉರುಳಿಸಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ರಸ್ತೆಯಲ್ಲಿ ತಿಪಟೂರು ಬಸ್ಸಿನ ಹಾರನ್ ಕೇಳಿತು.

"ಏನ್ರೀ, ಬಸ್ಸು ಬಂತು," ಎಂದಳು.

"ಹೋಗ್ಲಿ ಬುಡು."