ಅವನು ಒಬ್ಬನೇ ಇರಲಿಲ್ಲ

ಮೊನ್ನೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಬಟ್ಟೆ ಸುತ್ತಿದ ಊಟದ ಡಬ್ಬಿಯೊಂದನ್ನು ಇಳಿಸಿದ. ಬೆಳ್ಳುಳ್ಳಿ, ಶೇಂಗಾ ಹಿಂಡಿಯ ವಾಸನೆ ಬಂತು. ಅಣ್ಣ ನೆನಪಾದ.

ಒಡಹುಟ್ಟಿದವನಲ್ಲ. ಬೀದರಿನಲ್ಲಿ ಓದುವಾಗ ಪಕ್ಕದ ಬಾಡಿಗೆ ಖೋಲಿಯಲ್ಲಿದ್ದ, ನಮ್ಮ ಔರಾದ ಕಡೆಯವನು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಸ್ಕಾಲರ್‌ಶಿಪ್ ಅರ್ಜಿ ತುಂಬಲೂ ಬರುತ್ತಿರಲಿಲ್ಲ. ಅಣ್ಣನೇ ತುಂಬಿಕೊಟ್ಟ, ಇಂಗ್ಲಿಷ್ ಕಲಿಸಿದ. ಇವತ್ತು ನಾನು ಪದವೀಧರನೆಂದು ಎದೆಯುಬ್ಬಿಸಿ ಹೇಳುವುದರಲ್ಲಿ ಅವನ ಪಾಲಿದೆ.

ಔರಾದಿನಿಂದ ಬೆಳಗಿನ ಬಸ್ಸಿಗೆ ಮನೆಯವರು ಡಬ್ಬಿ ಕಳಿಸುತ್ತಿದ್ದರು. ಯಾರು ಸ್ಟ್ಯಾಂಡಿಗೆ ಹೋದರೂ ಎಲ್ಲರ ಡಬ್ಬಿ ತರುವುದು, ಇನ್ನೊಬ್ಬರದನ್ನು ಬಿಚ್ಚದಿರುವುದು ನಮ್ಮ ರಿವಾಜು. ಒಂದು ದಿನ ನಾನು ತಂದ ಡಬ್ಬಿಗಳಲ್ಲಿ ಅವನದು ವಿಪರೀತ ಭಾರವಿತ್ತು.

"ಏನಣ್ಣಾ, ನಿಮ್ಮವ್ವ ಕಲ್ಲು ಕುದಿಸಿ ಕಳ್ಸ್ಯಾಳೇನು?"

"ಇಡೋ ಡಿಗ್ರಿ ಸಾಹೇಬ, ಭಾಳ ಮಾತಾಡಬ್ಯಾಡ," ಎಂದ. ನಗಲಿಲ್ಲ.

ಮೂರನೆಯ ದಿನ ಬೇರೆ ಧರ್ಮದವರ ಪ್ರಾರ್ಥನಾ ಸ್ಥಳದ ಬಾಗಿಲಲ್ಲಿ ಅಣ್ಣ ಒಯ್ದ ಆ ಡಬ್ಬಿ ಸಿಡಿಯಿತು. ಅಲ್ಲಿ ಬಳೆ ಮಾರುತ್ತಿದ್ದ ಹೆಂಗಸು ಸತ್ತಳು. ಅಣ್ಣನೂ ಸತ್ತ.

ನಾನೇ ಠಾಣೆಗೆ ಹೋಗಿ ಡಬ್ಬಿಯ ವಿಷಯ ಹೇಳಿದೆ. ಸಾಹೇಬರು ಬರೆದುಕೊಂಡರು. "ನಿಮಗೇನ್ ಗೊತ್ತಿತ್ತರಿ ಪಾಪ? ಯಾವ ಸಂಘಟನಾನೂ ಇಲ್ಲ, ಹಿಂದ ಮುಂದ ಯಾರೂ ಇಲ್ಲ. ಊರಿಗಿ ಹೋದಾಗ ತಾನೇ ಕಟ್ಟಿಟ್ಟು, ಮನಿಯವರಿಗೂ ತಿಳೀದಂಗ ಬಸ್ಸಿಗಿ ಹಾಕ್ಸ್ಯಾನ. ಒಬ್ಬನೇ ಮಾಡ್ಯಾನ. ಮನಿಗಿ ಹೋಗ್ರಿ."

ಬಂದೆ. ಅವರು ಕೇಳದ್ದನ್ನು ಹೇಳದೆಯೇ ಬಂದೆ.

ಖೋಲಿಯ ಹುಡುಗರದೊಂದು ವಾಟ್ಸಾಪ್ ಗುಂಪಿತ್ತು. ಅಣ್ಣ ಅಲ್ಲಿ ಆ ಧರ್ಮದವರ ಮೇಲೆ ದಿನಾ ವಿಷ ಕಾರುತ್ತಿದ್ದ. ಒಮ್ಮೆ, "ಆ ಮಂದಿಗಿ ನಾನೇ ಪಾಠ ಕಲಿಸ್ತೇನಿ," ಎಂದು ಹಾಕಿದ. "ಹುಲಿ ಎದ್ದದ ನೋಡ್ರಿ," ಎಂದ ಒಬ್ಬ. "ಬರೇ ಮಾತೇನ್ ಅಣ್ಣಾ?" ಎಂದು ಇನ್ನೊಬ್ಬ ಕೆಣಕಿದ. ನಾನು "ಶಭಾಷ್ ಅಣ್ಣಾ" ಎಂದು ಬರೆದೆ. ತಮಾಷೆಗಲ್ಲ. ಫಾರ್ಮ್ ತುಂಬಿಕೊಟ್ಟವನ ಮುಂದೆ ಬ್ಯಾಡ ಎನ್ನಲು ನಾಲಿಗೆ ಏಳಲಿಲ್ಲ... ಅಂದು ಒಬ್ಬರಾದರೂ ಬ್ಯಾಡ ಅಂದಿದ್ದರೆ?

ಸ್ಫೋಟವಾದ ಸಂಜೆಯೊಳಗೆ ಎಲ್ಲರೂ ಗುಂಪು ಬಿಟ್ಟರು. ಈಗ ಅಲ್ಲಿರುವುದು ಎರಡೇ ನಂಬರು, ಸತ್ತವನದು ಮತ್ತು ನನ್ನದು. ಬಳೆಯಾಕೆಯ ಮಗಳು ಈಗ ಅದೇ ಜಾಗದಲ್ಲಿ ಕೂರುತ್ತಾಳಂತೆ. ಆ ರಸ್ತೆಗೆ ನಾನು ಹೋಗಿಲ್ಲ. ಗುಂಪನ್ನೂ ಬಿಟ್ಟಿಲ್ಲ. ಬಿಟ್ಟರೆ ಅಲ್ಲಿ ಅವನೊಬ್ಬನೇ ಉಳಿಯುತ್ತಾನೆ, ಸಾಹೇಬರು ಹೇಳಿದ್ದೇ ನಿಜವಾಗಿಬಿಡುತ್ತದೆ.