ಹಾಡಿನ ಡ್ರೈವರ್, ಪಕ್ಕದ ಮನೆಯ ಡ್ರೈವರ್

ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಪಕ್ಕದ ಮನೆಯವರು ಲಾರಿ ಡ್ರೈವರ್ ಆಗಿದ್ದರು, ವಿಜಯಪುರದ ಕಡೆಯವರು. ಚಾಳಿನ ಹುಡುಗರಿಗೆ ಕನ್ನಡ ಅರ್ಧಂಬರ್ಧ. ಆದರೂ ಊರ ಕಡೆಯ ಲಾರಿ ಡ್ರೈವರ್ ಹಾಡುಗಳೆಂದರೆ ಪ್ರಾಣ. ಎಲ್ಲರ ಮೊಬೈಲಿನಲ್ಲೂ ಅವೇ. ಆ ಹಾಡುಗಳೊಳಗಿನ ಡ್ರೈವರ್ ದಿನಾ ಸಂಜೆ ಹೆಂಡತಿಗೆ ಬಳೆ ಹಿಡಿದು ಮನೆ ಮುಟ್ಟುತ್ತಿದ್ದ.

"ಹಾಡಿನಾಂವ ಹೊತ್ತಿಗೆ ಸರಿಯಾಗಿ ಬರ್ತಾನ. ನಿಮಗೇನಾಗ್ಯದ? ದಿನಾ ಚಾ ಆರ್ತದ," ಎಂದು ಪಕ್ಕದ ಮನೆಯವರ ಹೆಂಡತಿ ಗಂಡನ ಮೇಲೆ ರೇಗುತ್ತಿದ್ದರು. ಅವರ ಲಾರಿ ದಿನಾ ವಾಶಿಯ ಟೋಲ್ ನಾಕಾದಲ್ಲಿ ಸಿಕ್ಕಿಬೀಳುತ್ತಿತ್ತು.

ಅವರು ಕೈಯಲ್ಲಿಲ್ಲದ ಸ್ಟೇರಿಂಗ್ ತಿರುಗಿಸುತ್ತ ಒಂದೇ ಮಾತು ಹೇಳುತ್ತಿದ್ದರು: "ಅಂವಂದು ಯಾವ ರೂಟ್, ಕೇಳ ಮೊದಲ."

ಚಾಳಿನ ಮದುವೆಯೊಂದರ ಅರಿಶಿನದ ದಿನ ಹುಡುಗರು ಅದೇ ಹಾಡಿಗೆ ಕುಣಿಯುತ್ತಿದ್ದರು. ಪಕ್ಕದ ಮನೆಯ ಡ್ರೈವರ್ ತಡೆಯಲಾರದೆ ಮೈಕ್ ಕಸಿದುಕೊಂಡು, ಅದೇ ಧಾಟಿಯಲ್ಲಿ ತಮ್ಮದೊಂದು ನುಡಿ ಸೇರಿಸಿದರು:

"ವಾಶಿ ನಾಕಾದಾಗ ಟ್ರಾಫಿಕ್ ಜಾಮ ಗೆಳತಿ,
ಚಾ ಆರಿದ್ರ ನೀನ ಕುಡಿ!"

ಕನ್ನಡ ಬಾರದವರಿಗೂ ಟ್ರಾಫಿಕ್ ಜಾಮ್ ಅರ್ಥವಾಯಿತು. 'ಒನ್ಸ್ ಮೋರ್' ಎಂದು ನಾಲ್ಕು ಸಲ ಹಾಡಿಸಿದರು. ಮಂಡಿನೋವು ಮರೆತು ನಾನೂ ಕುಣಿದೆ.

ಅವರ ಹೆಂಡತಿ ಗುಂಪಿನೊಳಗೆ ದಾರಿ ಮಾಡಿಕೊಂಡು ಬಂದು ಅವರ ಕೈಗೆ ಚಹಾದ ಕಪ್ ಇಟ್ಟರು.

"ಬಿಸಿ ಅದ, ಕುಡೀರಿ. ಇವತ್ತರೆ ವಾಶಿ ದಾಟೀರಿ."